ಊರಿನ ನಿಂಬೆ ಬೇಕು, ಊರಿನ ಸಸಿ ಬೇಡ

ಎಲ್ಲರಿಗೂ ನಮಸ್ಕಾರ.

ಊರಿಗೆ ಹೋಗಿ ಬರುವಾಗ ಗಾಡಿಯ ಡಿಕ್ಕಿಯಲ್ಲಿ ಒಂದೆರಡು ಸಸಿ ಇಟ್ಟುಕೊಂಡು ಬರುವುದು ಪುಣೆಯಲ್ಲಿರುವ ನಮ್ಮ ಜನರಿಗೆ ರೂಢಿ. ವಿಜಯಪುರದ ಕಡೆಯವರಾದರೆ ಇಂಡಿ ತಾಲೂಕಿನ ನಿಂಬೆ ಸಸಿ, ಜೊತೆಗೊಂದು ಕರಿಬೇವು. ಇಲ್ಲಿಂದ ಹೋಗುವಾಗ ರಸ್ತೆ ಬದಿಯಲ್ಲಿ ಕಂಡ ನರ್ಸರಿಯಿಂದ ನಾಲ್ಕು ಮೋಸಂಬಿ ಕಸಿ ಗಿಡ, ಹೊಲದ ಬದುವಿಗೆ. ಪ್ರೀತಿಯಿಂದ ಮಾಡುವ ಕೆಲಸ, ನನಗೆ ಗೊತ್ತು. ಆದರೂ ಇವತ್ತು ಕೇಳಿಕೊಳ್ಳುತ್ತೇನೆ, ದಯವಿಟ್ಟು ಹೀಗೆ ಸಸಿ ತರಬೇಡಿ, ಒಯ್ಯಬೇಡಿ.

ನಿಂಬೆ, ಕಿತ್ತಳೆ, ಮೋಸಂಬಿ ಗಿಡಗಳಿಗೆ ಗ್ರೀನಿಂಗ್ ಅನ್ನುವ ಒಂದು ರೋಗ ಬರುತ್ತದೆ. ವಿಜ್ಞಾನಿಗಳು ಇದನ್ನು ಹುವಾಂಗ್ಲಾಂಗ್‌ಬಿಂಗ್, ಚಿಕ್ಕದಾಗಿ ಎಚ್‌ಎಲ್‌ಬಿ ಎನ್ನುತ್ತಾರೆ. ಸಸಿಯ ಜೊತೆಗೇ ಊರಿಂದೂರಿಗೆ ಹೋಗುತ್ತದೆ, ಬಂದ ಮೇಲೆ ವಾಸಿಯಾಗುವುದಿಲ್ಲ. ಅಮೆರಿಕದ ಫ್ಲೋರಿಡಾದಲ್ಲಿ ಇದು ಮೊದಲು ಕಂಡದ್ದು 2005ರಲ್ಲಿ. ಅದಕ್ಕಿಂತ ಮುಂಚೆ, 2003-04ರ ಹಂಗಾಮಿನಲ್ಲಿ, ಅಲ್ಲಿ 24 ಕೋಟಿ ಪೆಟ್ಟಿಗೆ ಕಿತ್ತಳೆ ಬೆಳೆದಿತ್ತು. ಒಂದು ಪೆಟ್ಟಿಗೆ ಅಂದರೆ ಸುಮಾರು 40 ಕಿಲೋ. 2023-24ರಲ್ಲಿ 2 ಕೋಟಿ ಪೆಟ್ಟಿಗೆಯೂ ಆಗಲಿಲ್ಲ. ಚಂಡಮಾರುತಗಳ ಪಾಲೂ ಇದರಲ್ಲಿದೆ, ನಿಜ. ಆದರೆ ತೋಟಗಳನ್ನು ಒಳಗಿನಿಂದ ತಿಂದು ಹಾಕಿದ್ದು ಈ ರೋಗವೇ.

ರೋಗ ತರುವುದು ಒಂದು ಬ್ಯಾಕ್ಟೀರಿಯಾ. ಎಲೆಯಲ್ಲಿ ತಯಾರಾದ ಸಕ್ಕರೆ ಹಣ್ಣಿಗೆ, ಬೇರಿಗೆ ಇಳಿಯುವುದು ತೊಗಟೆಯ ಒಳಮೈಯಲ್ಲಿರುವ ಸಣ್ಣ ನಾಳಗಳ ಮೂಲಕ. ಈ ಬ್ಯಾಕ್ಟೀರಿಯಾ ಅದೇ ನಾಳಗಳಲ್ಲಿ ವಾಸ ಮಾಡುತ್ತದೆ. ನಾಳ ಕಟ್ಟಿಕೊಳ್ಳುತ್ತದೆ. ಎಲೆಯಲ್ಲಿ ಪಿಷ್ಟ ತುಂಬಿ ಎಲೆ ದಪ್ಪಗಾಗುತ್ತದೆ, ಕೆಳಗೆ ಬೇರು ಉಪವಾಸ ಬೀಳುತ್ತದೆ. ಹಣ್ಣು ಸಣ್ಣದಾಗಿ, ಸೊಟ್ಟಗಾಗಿ, ಕಹಿಯಾಗುತ್ತದೆ. ತೊಟ್ಟಿನ ಕಡೆ ಬಣ್ಣ ಬಂದರೂ ತುದಿ ಹಸಿರಾಗಿಯೇ ಉಳಿಯುತ್ತದೆ. ಎಲೆಯ ಮೇಲೆ ಔಷಧಿ ಹೊಡೆದರೆ ಅಷ್ಟು ಒಳಗೆ ಎಲ್ಲಿ ಮುಟ್ಟಬೇಕು?

ಈ ರೋಗದ ಚರಿತ್ರೆಯಲ್ಲಿ ನಮ್ಮ ಪುಣೆಗೆ ದೊಡ್ಡ ಜಾಗವಿದೆ. ಇಲ್ಲಿ ಇಷ್ಟು ವರ್ಷದಿಂದ ಇರುವವರಿಗೂ ಇದು ಗೊತ್ತಿಲ್ಲವಲ್ಲ ಅಂತ ನನಗೆ ಬೇಸರ. ನಮ್ಮ ದೇಶದಲ್ಲಿ ಗಿಡ ತುದಿಯಿಂದ ಒಣಗುತ್ತಾ ಬಂದರೆ ಬಹಳ ಕಾಲ ಮಣ್ಣಿನ ದೋಷ, ಗೊಬ್ಬರದ ಕೊರತೆ ಅಂತಲೇ ಹೇಳುತ್ತಿದ್ದರು. ಇಲ್ಲಿನ ಕೃಷಿ ಸಂಶೋಧನಾ ಕೇಂದ್ರದಲ್ಲಿದ್ದ ಕಪೂರ್, ರಾವ್, ವಿಶ್ವನಾಥ್ ಎಂಬ ಮೂವರು ವಿಜ್ಞಾನಿಗಳು 1967ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಭಾರತದಲ್ಲಿ ಗ್ರೀನಿಂಗ್ ರೋಗವನ್ನು ಗಿಡದಿಂದ ಗಿಡಕ್ಕೆ ದಾಟಿಸುವುದು ಸಿಲ್ಲಾ ಎಂಬ ಪುಟ್ಟ ಕೀಟ ಅಂತ ತೋರಿಸಿಕೊಟ್ಟರು. ಆಗ ಎಲ್ಲರೂ ಇದನ್ನು ವೈರಸ್ ಅಂತ ತಿಳಿದಿದ್ದ ಕಾಲ. ವೈರಸ್ ಅಲ್ಲ ಅಂತ ಎಲೆಕ್ಟ್ರಾನ್ ಮೈಕ್ರೋಸ್ಕೋಪು ಸುಳಿವು ಕೊಟ್ಟಿದ್ದು 1970ರಲ್ಲಿ. ಇವತ್ತು ಫ್ಲೋರಿಡಾ, ಬ್ರೆಜಿಲ್, ಕ್ಯಾಲಿಫೋರ್ನಿಯಾ ಎಲ್ಲ ಕಡೆ ಹಗಲು ರಾತ್ರಿ ಹಿಂದೆ ಬಿದ್ದಿರುವುದು ಅದೇ ಕೀಟದ ಹಿಂದೆ.

ಇಲ್ಲಿನ ರೈತರು ಇದನ್ನು ಸಾಯ್ಲಾ ಎನ್ನುತ್ತಾರೆ. ನೋಡಬೇಕು ಅಂದರೆ ತೋಟಕ್ಕೇ ಹೋಗಬೇಕಾಗಿಲ್ಲ. ನಿಮ್ಮ ಸೊಸೈಟಿಯ ಬೇಲಿಗೆ ಕಾಮಿನಿ ಗಿಡ ಹಾಕಿರುತ್ತಾರಲ್ಲ, ಸಂಜೆ ಬಿಳಿ ಹೂವು ಘಮ್ ಅನ್ನುವ ಗಿಡ, ಅದು ಈ ಕೀಟಕ್ಕೆ ಬಲು ಇಷ್ಟ. ಕರಿಬೇವಿನ ಮೇಲೂ ಇರುತ್ತದೆ. ಮಳೆ ಬಿದ್ದು ಹೊಸ ಚಿಗುರು ಬಂದಾಗ ಬಗ್ಗಿ ನೋಡಿ. ಮೂರು ನಾಲ್ಕು ಮಿಲಿಮೀಟರಿನ ಕಂದು ಹುಳ, ತಲೆ ಕೆಳಗೆ ಊರಿ ಹಿಂಭಾಗ ಎತ್ತಿ ಓರೆಯಾಗಿ ಕೂತಿರುತ್ತದೆ. ಮರಿಗಳು ಹಳದಿ, ಚಪ್ಪಟೆ. ಅವುಗಳ ಹಿಂದಿನಿಂದ ಬಿಳಿ ಮೇಣದ ಎಳೆಗಳು ಸುರುಳಿ ಸುರುಳಿಯಾಗಿ ಹೊರಬರುತ್ತವೆ. ಒಂದು ಹೆಣ್ಣು 800ರವರೆಗೂ ಮೊಟ್ಟೆ ಇಡಬಲ್ಲದು, ಅದೂ ಎಳೆ ಚಿಗುರಿನಲ್ಲಿ ಮಾತ್ರ. ಕಣ್ಣಿಗೆ ಬೀಳದಷ್ಟು ಸಣ್ಣದಾದ ಮೊಟ್ಟೆ ಚಿಗುರಿನ ಸಂದಿಯಲ್ಲಿ ಕೂತು ನಿಮ್ಮ ಗಾಡಿ ಹತ್ತಿದರೆ ಯಾರಿಗೆ ತಾನೆ ಗೊತ್ತಾಗುತ್ತದೆ, ಹೇಳಿ?

ಇದಕ್ಕೊಂದು ಶತ್ರುವೂ ಇದೆ. ಟಮಾರಿಕ್ಸಿಯಾ ಎಂಬ ಸಣ್ಣ ಕಣಜ, ನಮ್ಮ ಉಪಖಂಡದ್ದೇ. ಮರಿ ಸಿಲ್ಲಾದ ಹೊಟ್ಟೆಯ ಕೆಳಗೆ ಮೊಟ್ಟೆ ಇಡುತ್ತದೆ. ಕಣಜದ ಮರಿ ಅಲ್ಲೇ ಕೂತು ಸಿಲ್ಲಾವನ್ನು ತಿಂದು ಮುಗಿಸುತ್ತದೆ. ಕೊನೆಗೆ ಒಣಗಿದ ಕಂದು ಚಿಪ್ಪು, ಅದರ ಬೆನ್ನಿನಲ್ಲಿ ಸೂಜಿಯಿಂದ ಚುಚ್ಚಿದಂತೆ ಒಂದು ದುಂಡು ತೂತು ಉಳಿಯುತ್ತದೆ. 1978ರಲ್ಲಿ ಭಾರತದಿಂದ ಈ ಕಣಜವನ್ನು ರಿಯೂನಿಯನ್ ದ್ವೀಪಕ್ಕೆ ಒಯ್ದು ಬಿಟ್ಟರು, ಅಲ್ಲಿ ಸಿಲ್ಲಾ ಹತೋಟಿಗೆ ಬಂತು. ಕ್ಯಾಲಿಫೋರ್ನಿಯಾದವರು ಪಾಕಿಸ್ತಾನದ ಪಂಜಾಬಿನಿಂದ ತರಿಸಿ 2011ರಲ್ಲಿ ಬಿಟ್ಟರು. ನಮ್ಮಲ್ಲಿ ತಾನಾಗಿಯೇ ಇರುವ ಈ ಕಣಜವನ್ನು ಸಿಕ್ಕ ಸಿಕ್ಕ ಔಷಧಿ ಹೊಡೆದು ನಾವೇ ಕೊಲ್ಲುತ್ತಿದ್ದೇವೆ. ಇದು ನನಗೆ ತುಂಬಾ ಸಂಕಟದ ವಿಷಯ.

ಬೇರೆ ದಾರಿಗಳೂ ನಡೆದಿವೆ. ಆಸ್ಟ್ರೇಲಿಯಾದಲ್ಲಿ ಬೆರಳಿನಂತೆ ಉದ್ದಗಿರುವ ಒಂದು ಕಾಡು ನಿಂಬೆ ಇದೆ. ಅದು ರೋಗವನ್ನು ತಾಳಿಕೊಳ್ಳುತ್ತದೆ. ಅದರಲ್ಲಿರುವ ಒಂದು ಪುಟ್ಟ ಪ್ರೋಟೀನು ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ ಅಂತ ಕ್ಯಾಲಿಫೋರ್ನಿಯಾದ ರಿವರ್‌ಸೈಡ್ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದರು. ನನಗೆ ಹೆಚ್ಚು ಆಸೆ ಇರುವುದು ಇದರ ಮೇಲೆ. ಫ್ಲೋರಿಡಾದಲ್ಲಿ ಕಾಂಡಕ್ಕೇ ಆಂಟಿಬಯಾಟಿಕ್ ಚುಚ್ಚುತ್ತಿದ್ದಾರೆ. ಮನುಷ್ಯರಿಗೆ ಕೊಡುವ ಔಷಧಿಯನ್ನು ಮರಕ್ಕೆ ಸುರಿಯುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ.

ನಮ್ಮ ರೈತರಿಗೆ ಇವತ್ತೇ ಕೈಗೆ ಸಿಗುವಂಥದ್ದು ನಾಗಪುರದ ಕೇಂದ್ರೀಯ ನಿಂಬೆವರ್ಗ ಸಂಶೋಧನಾ ಸಂಸ್ಥೆಯ ಕೆಲಸ. ಚಿಗುರಿನ ತುತ್ತತುದಿಯನ್ನು, ಒಂದು ಮಿಲಿಮೀಟರಿಗೂ ಎಷ್ಟೋ ಕಮ್ಮಿ ಇರುವ ಚೂರನ್ನು, ಮೈಕ್ರೋಸ್ಕೋಪಿನ ಕೆಳಗೆ ಕತ್ತರಿಸಿ ಗಾಜಿನ ನಳಿಕೆಯಲ್ಲಿರುವ ಪುಟ್ಟ ಸಸಿಗೆ ಕಸಿ ಮಾಡುತ್ತಾರೆ. ಆ ತುದಿಗೆ ರೋಗ ಇನ್ನೂ ಮುಟ್ಟಿರುವುದಿಲ್ಲ. ಬೆಳೆದ ಗಿಡವನ್ನು ಪರೀಕ್ಷೆ ಮಾಡಿ, ಬಲೆಮನೆಯಲ್ಲಿಟ್ಟು, ಅದರಿಂದ ಕಣ್ಣು, ಅಂದರೆ ಚಿಗುರುವ ಮೊಗ್ಗು, ತೆಗೆದು ಕಸಿ ಕಟ್ಟಿ ಸಸಿ ಮಾಡುತ್ತಾರೆ. ಸಸಿ ಬೆಳೆಯುವುದೂ ಶುದ್ಧ ಮಾಡಿದ ಮಣ್ಣು ತುಂಬಿದ ಚೀಲದಲ್ಲಿ. ಯಾಕಂದ್ರೆ ಬುಡದಲ್ಲಿ ಗೋಂದು ಸುರಿಸಿ ಬೇರು ಕೊಳೆಸುವ ಇನ್ನೊಂದು ರೋಗ ಬರುವುದು ನರ್ಸರಿಯ ಮಣ್ಣಿನಿಂದಲೇ. ತೋಟ ಹಾಕುವವರು ನಾಲ್ಕು ರೂಪಾಯಿ ಜಾಸ್ತಿಯಾದರೂ ಇಂಥ ಸಸಿಯನ್ನೇ ತೆಗೆದುಕೊಳ್ಳಿ. ಮೂವತ್ತು ವರ್ಷ ಬಾಳಬೇಕಾದ ತೋಟ ಅದು.

ಮನೆಯ ಗಿಡದ ಮೇಲೆ ಅನುಮಾನ ಬಂದರೆ ಒಂದು ಎಲೆ ಕಿತ್ತುಕೊಳ್ಳಿ. ನಡುನರದ ಎಡಕ್ಕೆ ಪೆನ್ನಿನಲ್ಲಿ ಒಂದು ಸೊನ್ನೆ ಬರೆಯಿರಿ. ಬಲಕ್ಕೆ, ಸರಿಯಾಗಿ ಅದರ ಎದುರಿಗೆ, ಅಷ್ಟೇ ದೊಡ್ಡದಾದ ಇನ್ನೊಂದು. ಎರಡರ ಒಳಗೂ ಹಳದಿ ಹಸಿರು ಒಂದೇ ತರಹ ಇದ್ದರೆ ಅದು ಸತುವಿನ ಕೊರತೆಯಂಥದ್ದು ಇರಬಹುದು. ಒಂದರಲ್ಲಿ ಹಳದಿ ಮಚ್ಚೆ, ಇನ್ನೊಂದರಲ್ಲಿ ಪೂರಾ ಹಸಿರು ಅಂತಿದ್ದರೆ ಗ್ರೀನಿಂಗ್ ಇರುವ ಸಾಧ್ಯತೆ ಹೆಚ್ಚು. ಪಕ್ಕಾ ಮಾಡಿಕೊಳ್ಳಲು ಪ್ರಯೋಗಾಲಯದ ಪರೀಕ್ಷೆಯೇ ಬೇಕು. ಪುಣೆ ಜಿಲ್ಲೆಯಲ್ಲಿ ಬಾರಾಮತಿ, ನಾರಾಯಣಗಾಂವ್‌ಗಳಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ, ಅಲ್ಲಿ ವಿಚಾರಿಸಿ. ರೋಗ ಇದೆ ಅಂತಾದರೆ ಗಿಡವನ್ನು ಬೇರುಸಮೇತ ತೆಗೆಯಲೇಬೇಕು. ಕಷ್ಟ ಆಗುತ್ತದೆ, ಆದರೂ ತೆಗೆಯಿರಿ.

ಹಾಗಾದರೆ ಬಾಲ್ಕನಿಯಲ್ಲಿ ಊರಿನ ನಿಂಬೆ ಬೆಳೆಸುವ ಆಸೆ ಬಿಡಬೇಕಾ? ಬೇಡವೇ ಬೇಡ. ಗ್ರೀನಿಂಗ್ ರೋಗ ಬೀಜದಿಂದ ಹರಡುವುದಿಲ್ಲ ಅಂತಲೇ ಸಂಶೋಧನೆಗಳು ಹೇಳುತ್ತವೆ. ಅದಕ್ಕೇ ಸಸಿಯ ಬದಲು ಹಣ್ಣು ತನ್ನಿ, ಎಲೆ ಕಡ್ಡಿ ಇಲ್ಲದ ಹಣ್ಣು. ನಮ್ಮ ಕಾಗಜಿ ನಿಂಬೆಯ ಬೀಜದಿಂದ ಬಂದ ಗಿಡ ಹೆಚ್ಚಾಗಿ ತಾಯಿಯ ಗುಣವನ್ನೇ ಹೊತ್ತು ಬರುತ್ತದೆ. ಬೀಜವನ್ನು ಒಣಗಿಸಿ ಇಡಬೇಡಿ. ತೊಳೆದು ಅವತ್ತೇ ಹಾಕಿ, ಬೆರಳಿನ ಅರ್ಧ ಗೆಣ್ಣಿನಷ್ಟು ಆಳಕ್ಕೆ. ಎರಡು ಮೂರು ವಾರದಲ್ಲಿ ಮೊಳಕೆ ಕಾಣುತ್ತದೆ. ಒಂದೇ ಬೀಜದಿಂದ ಎರಡು ಮೂರು ಮೊಳಕೆ ಬಂದರೆ ತೀರಾ ಬಡಕಲಾದದ್ದನ್ನು ಕಿತ್ತು, ಗಟ್ಟಿಯಾದದ್ದನ್ನು ಉಳಿಸಿಕೊಳ್ಳಿ. ಹಣ್ಣು ಬಿಡಲು ನಾಲ್ಕೈದು ವರ್ಷ ಬೇಕು. ಅಲ್ಲಿಯವರೆಗೆ ಪ್ರತಿ ಹೊಸ ಚಿಗುರನ್ನೂ ತಿರುಗಿಸಿ ನೋಡುತ್ತಿರಿ. ಬಿಳಿ ಮೇಣದ ಎಳೆ ಕಂಡರೆ ಆ ಚಿಗುರನ್ನು ಚಿವುಟಿ, ಚೀಲಕ್ಕೆ ಹಾಕಿ ಬಾಯಿ ಕಟ್ಟಿ ಎಸೆಯಿರಿ.

ನಮಸ್ಕಾರ.