ತಾನು ಪಟ್ಟಿದ್ದು ಇನ್ನೊಬ್ಬಳಿಗೆ ಬೇಡ

ಕೇಳುಗರಿಗೆ ನಮಸ್ಕಾರ.

ಈ ಮಳೆಗಾಲದಲ್ಲಿ ನಾನು ಓದಿದ್ದೆಲ್ಲ ಹಳೆಯ ಕನ್ನಡ ಕಾದಂಬರಿಗಳೇ. ಕೆಲವನ್ನು ಮೊದಲೇ ಓದಿದ್ದೆ, ಈಗ ಮತ್ತೆ ಕೈಗೆತ್ತಿಕೊಂಡೆ. ಒಂದಾದ ಮೇಲೊಂದು ಓದುತ್ತಾ ಹೋದಾಗ ಬೇರೆ ಬೇರೆ ಪುಸ್ತಕಗಳಲ್ಲಿ ಒಬ್ಬಳೇ ಹೆಂಗಸು ಎದುರಾಗುತ್ತಿದ್ದಾಳೆ ಅನ್ನಿಸತೊಡಗಿತು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವಳು. ಮನೆಯ ಕೆಲಸಕ್ಕೆ ಬೇಕು, ಮನೆಯ ಶುಭಕಾರ್ಯಕ್ಕೆ ಬೇಡ. ಅಂಥವಳನ್ನು ನಮ್ಮ ಲೇಖಕರು ಮತ್ತೆ ಮತ್ತೆ ಕಥೆಯ ನಡುಮನೆಗೆ ಕರೆದು ಕೂರಿಸಿದ್ದಾರೆ. ಇವತ್ತು ಅವಳ ಬಗ್ಗೆಯೇ ಮಾತಾಡುತ್ತೇನೆ.

ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ಹೆಸರಾದದ್ದು ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ'. 1899ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದರ ನಾಯಕಿಯೂ ಎಳೆಯ ವಿಧವೆಯೇ. ಇಂದಿರೆ ಹೆತ್ತವರ ಮನೆ ಬಿಟ್ಟು ಬರುತ್ತಾಳೆ. ಅಮೃತರಾಯರ ಆಸರೆಯಲ್ಲಿ ಓದುತ್ತಾಳೆ. ಭಾಸ್ಕರನನ್ನು ಮದುವೆಯಾಗುತ್ತಾಳೆ. ಕಥೆಯಲ್ಲಿ ಉಪದೇಶ ಜಾಸ್ತಿ. ಒಳ್ಳೆಯವರು ತೀರಾ ಒಳ್ಳೆಯವರು, ಕೆಟ್ಟವರು ತೀರಾ ಕೆಟ್ಟವರು. ಆದರೂ ಯೋಚಿಸಿ. ಮದುವೆಗೆ ಮುಂಚೆ ಹುಡುಗಿ ಓದಬೇಕು, ತನ್ನ ಕಾಲ ಮೇಲೆ ತಾನು ನಿಲ್ಲಬೇಕು ಎಂದು ಆ ಕಾಲದಲ್ಲಿ ಒಬ್ಬರು ಕಥೆ ಕಟ್ಟಿ ಹೇಳಿದರು. ಕನ್ನಡ ಕಾದಂಬರಿ ಶುರುವಾದದ್ದೇ ಇಂಥ ಧೈರ್ಯದಿಂದ. ನನಗಂತೂ ಇದು ಹೆಮ್ಮೆಯ ವಿಷಯ.

ಅಲ್ಲಿಂದ ಶಿವರಾಮ ಕಾರಂತರ 'ಮರಳಿ ಮಣ್ಣಿಗೆ'ಗೆ ಬಂದರೆ ಗಾಳಿಯೇ ಬೇರೆ. ಸಮುದ್ರದ ದಂಡೆಯ ಕೋಡಿ ಎಂಬ ಹಳ್ಳಿ. ರಾಮ ಐತಾಳರ ಮನೆ. ಅವರ ತಂಗಿ ಸರಸೋತಿ ಗಂಡ ಸತ್ತ ಮೇಲೆ ಅಣ್ಣನ ಮನೆಗೆ ಬಂದವಳು. ಅವಳೂ ಅತ್ತಿಗೆ ಪಾರೋತಿಯೂ ಗದ್ದೆ, ಹಟ್ಟಿ, ಅಡುಗೆ ಎಂದು ದಿನವಿಡೀ ದುಡಿಯುತ್ತಾರೆ. ಕಾರಂತರು ಸರಸೋತಿಯನ್ನು ಕಣ್ಣೀರಿನ ಬೊಂಬೆ ಮಾಡಿಲ್ಲ. ಅವಳಿಗೆ ಸಿಟ್ಟಿದೆ, ಬಾಯಿದೆ, ಮನೆಯ ಮೇಲೆ ಹಕ್ಕಿದೆ. ಮಕ್ಕಳಿಲ್ಲ ಎಂದು ಅಣ್ಣ ಇನ್ನೊಂದು ಮದುವೆಗೆ ಹೊರಟಾಗ ಪಾರೋತಿಯ ನೋವು ತನ್ನದೇ ಎಂಬಂತೆ ಉರಿಯುವವಳು ಈ ಸರಸೋತಿ. ನಾದಿನಿ ಅತ್ತಿಗೆ ಅಂದರೆ ಜಗಳ ಎಂದೇ ಕಥೆಗಳಲ್ಲಿ ಓದಿದ್ದೇವೆ, ಅಲ್ವಾ? ಇಲ್ಲಿ ಅವರಿಬ್ಬರ ಪ್ರೀತಿಯೇ ಮನೆಯನ್ನು ಹಿಡಿದು ನಿಲ್ಲಿಸುತ್ತದೆ. ಆ ಪುಟಗಳನ್ನು ನಾನು ನಿಧಾನವಾಗಿ, ಹಿಂದೆ ಹೋಗಿ ಹೋಗಿ ಓದಿದೆ.

ಎಸ್. ಎಲ್. ಭೈರಪ್ಪನವರ 'ವಂಶವೃಕ್ಷ' ಬಂದದ್ದು 1965ರಲ್ಲಿ. ಇದರ ಬಗ್ಗೆ ನನ್ನ ಅಭಿಪ್ರಾಯ ಕೆಲವರಿಗೆ ಒಪ್ಪಿಗೆಯಾಗಲಿಕ್ಕಿಲ್ಲ. ನಂಜನಗೂಡಿನ ಕಾತ್ಯಾಯನಿಯ ಗಂಡ ಕಪಿಲಾ ಹೊಳೆಯ ಪ್ರವಾಹದಲ್ಲಿ ಹೋಗುತ್ತಾನೆ. ಮಾವ ಶ್ರೀನಿವಾಸ ಶ್ರೋತ್ರಿಗಳು ಸೊಸೆಯನ್ನು ಮೈಸೂರಿನ ಕಾಲೇಜಿಗೆ ಕಳಿಸುತ್ತಾರೆ. ಅಲ್ಲಿ ಅವಳು ರಾಜನನ್ನು ಮೆಚ್ಚಿ ಮದುವೆಯಾಗುತ್ತಾಳೆ. ಮಗ ಮಾತ್ರ ಅಜ್ಜನ ಮನೆಯಲ್ಲೇ ಉಳಿಯುತ್ತಾನೆ. ಶ್ರೋತ್ರಿಗಳ ಪಾತ್ರ ದೊಡ್ಡದು. ಬಲವಂತ ಮಾಡದ, ಬೈಯದ, ಒಳಗೊಳಗೇ ಬೇಯುವ ಆ ಮನುಷ್ಯನ ಮೇಲೆ ಗೌರವ ಹುಟ್ಟುತ್ತದೆ. ಆದರೆ ಕಾತ್ಯಾಯನಿಗೆ ಕಾದಂಬರಿ ಏನು ಕೊಟ್ಟಿತು? ಒಂದಾದ ಮೇಲೊಂದು ಗರ್ಭ ನಿಲ್ಲುವುದಿಲ್ಲ. ಕೊರಗಿ ಕೊರಗಿ ಸಾಯುತ್ತಾಳೆ. ಅವಳ ಮನಸ್ಸಿನ ತೊಳಲಾಟವನ್ನು ಲೇಖಕರು ಎಷ್ಟು ಚೆನ್ನಾಗಿ ಬರೆದಿದ್ದಾರೆಂದರೆ ಅವಳ ಸಾವನ್ನು ನಾನು ಒಪ್ಪಲಾರೆ. ಮಗನನ್ನು ಬಿಟ್ಟು ಬಂದ ತಾಯಿಯ ಸಂಕಟ ನಿಜ. ಆದರೆ ಆ ಸಂಕಟದ ಜೊತೆಗೇ ಬದುಕಿ, ಪಾಠ ಹೇಳಿ, ವಯಸ್ಸಾಗುವ ಕಾತ್ಯಾಯನಿಯೂ ಸಾಧ್ಯವಿತ್ತು. ಅವಳನ್ನು ನನಗೆ ನೋಡಬೇಕಿತ್ತು.

ವಯಸ್ಸಾದವಳನ್ನು ನೋಡಬೇಕೆಂದರೆ ಮತ್ತೆ ಕಾರಂತರ ಹತ್ತಿರವೇ ಹೋಗಬೇಕು. 'ಮೂಕಜ್ಜಿಯ ಕನಸುಗಳು' 1968ರದ್ದು. 1977ರಲ್ಲಿ ಜ್ಞಾನಪೀಠ ಬಂದದ್ದು ಇದಕ್ಕೆ. ಹತ್ತು ವರ್ಷಕ್ಕೇ ವಿಧವೆಯಾದ ಮೂಕಾಂಬಿಕೆ ಈಗ ಹಣ್ಣು ಹಣ್ಣು ಮುದುಕಿ. ಮೊಮ್ಮಗ ಸುಬ್ಬರಾಯ ಹಳೆಯ ವಸ್ತು ಏನಾದರೂ ತಂದು ಕೈಗಿತ್ತರೆ ಅದರ ಹಿಂದಿನ ಕಾಲವೆಲ್ಲ ಅವಳಿಗೆ ಕಾಣುತ್ತದೆ. ಸಾಮಾನ್ಯವಾಗಿ ಎಲ್ಲರೂ ಈ ಕನಸುಗಳ ಬಗ್ಗೆ, ದೇವರ ಬಗ್ಗೆ ಅವಳು ಆಡುವ ಮಾತುಗಳ ಬಗ್ಗೆ ಹೇಳುತ್ತಾರೆ. ನನ್ನನ್ನು ಹಿಡಿದದ್ದು ಅಜ್ಜಿ ನಾಗಿಯಂಥ ಹೆಂಗಸಿನ ಜೊತೆ ಮಾತಾಡುವ ರೀತಿ. ಊರು ಹಗುರವಾಗಿ ಆಡಿಕೊಂಡ ನಾಗಿಯನ್ನು ಅಜ್ಜಿ ಹತ್ತಿರ ಕೂರಿಸಿಕೊಳ್ಳುತ್ತಾಳೆ. ಸಂಸಾರವನ್ನೇ ಮಾಡದ ಅಜ್ಜಿ ಗಂಡು ಹೆಣ್ಣಿನ ಬಯಕೆಯನ್ನು ಹೊಲಸು ಅನ್ನುವುದಿಲ್ಲ. ತನಗೆ ಸಿಗದ ಸುಖವನ್ನು ಇನ್ನೊಬ್ಬರಲ್ಲಿ ಕಂಡು ಮುಖ ಸಿಂಡರಿಸುವುದಿಲ್ಲ.

ಇಲ್ಲಿಗೆ ಬಂದಾಗ ನನಗೆ ಈ ಪುಸ್ತಕಗಳನ್ನು ತೂಗಿ ನೋಡಲು ಒಂದು ದಾರಿ ಸಿಕ್ಕಿತು. ಕಷ್ಟಪಟ್ಟ ಹಿರಿಯಳು ತನ್ನ ಮುಂದೆ ನಿಂತ ಹುಡುಗಿಗೆ ಏನು ಹೇಳುತ್ತಾಳೆ? "ನಾವೂ ಪಟ್ಟಿಲ್ವಾ, ನೀನೂ ಪಡು" ಎನ್ನುವ ಮಾತನ್ನು ಮನೆಗಳಲ್ಲಿ ಬೇಕಾದಷ್ಟು ಕೇಳಿದ್ದೇವೆ. ಅಡುಗೆಮನೆಯಲ್ಲಿ, ಬಾಣಂತನದಲ್ಲಿ, ಮದುವೆ ಮಾತುಕತೆಯಲ್ಲಿ.

ಎಂ. ಕೆ. ಇಂದಿರಾ ಅವರ 'ಫಣಿಯಮ್ಮ' ಈ ಪ್ರಶ್ನೆಗೆ ಕೊಡುವ ಉತ್ತರ ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. 1976ರಲ್ಲಿ ಬಂದ ಸಣ್ಣ ಕಾದಂಬರಿ. ತೀರ್ಥಹಳ್ಳಿ ಸೀಮೆಯಲ್ಲಿ ನಿಜವಾಗಿ ಬದುಕಿದ್ದ, ಲೇಖಕಿಯ ತಾಯಿಗೆ ಗೊತ್ತಿದ್ದ ಹಿರಿಯಳೊಬ್ಬಳ ಕಥೆ. ಆಕೆ ಹುಟ್ಟಿದ್ದು 1840ರಲ್ಲಿ, ಬದುಕಿದ್ದು 112 ವರ್ಷ. ಮದುವೆಯಾಗಿ ಸ್ವಲ್ಪ ದಿನಕ್ಕೇ ಹುಡುಗ ಹಾವು ಕಚ್ಚಿ ಸಾಯುತ್ತಾನೆ. ಫಣಿ ಮೈನೆರೆದಾಗ ಕೂದಲು ತೆಗೆಸುತ್ತಾರೆ. ವಿಧವೆಯ ಮರುಮದುವೆಗೆ ಒಪ್ಪಿಗೆ ಕೊಟ್ಟ ಕಾನೂನು ಕಂಪನಿ ಸರ್ಕಾರದಲ್ಲಿ 1856ರಲ್ಲೇ ಬಂದಿತ್ತು. ಫಣಿಯಮ್ಮನ ಪಾಲಿಗೆ ಮಾತ್ರ ಬೋಳಿಸಿದ ತಲೆ, ಮಡಿ, ಒಪ್ಪೊತ್ತಿನ ಊಟ ಹಾಗೇ ಉಳಿದವು.

ಇಂದಿರಾ ಇದನ್ನೆಲ್ಲ ಅಳುತ್ತಾ ಹೇಳುವುದಿಲ್ಲ. ಮನೆಯೊಳಗಿನ ಕೆಲಸ, ಮಾತು, ಹೆಂಗಸರ ಮೈಯ ಕಷ್ಟ, ಎಲ್ಲ ಅವರಿಗೆ ಚೆನ್ನಾಗಿ ಗೊತ್ತು. ಫಣಿಯಮ್ಮ ಅಷ್ಟು ಮಂದಿಯ ಹೆರಿಗೆ, ಬಾಣಂತನ ಮಾಡುತ್ತಾಳೆ, ತಾನು ಹೆರದವಳು. ದಲಿತರ ಕೇರಿಯಲ್ಲಿ ಒಬ್ಬಳು ಹೆರಲಾರದೆ ಒದ್ದಾಡುತ್ತಿದ್ದಾಗ ರಾತ್ರಿಯಲ್ಲಿ ಹೋಗಿ ಮಗುವನ್ನು ಹೊರತೆಗೆದು ಬರುತ್ತಾಳೆ. ಹಗಲೆಲ್ಲ ಮಡಿಯಲ್ಲಿ ಬದುಕುವ ಹೆಂಗಸು ಆ ರಾತ್ರಿ ಮಡಿಗಿಂತ ಜೀವ ದೊಡ್ಡದು ಎಂದು ತೀರ್ಮಾನಿಸಿದಳು. ಭಾಷಣ ಇಲ್ಲ, ಡಂಗುರ ಇಲ್ಲ. ಕೈ ತೊಳೆದು ಮನೆಗೆ ಬಂದಳು, ಅಷ್ಟೆ.

ಆಮೇಲೆ ಬರುವವಳು ದಾಕ್ಷಾಯಿಣಿ. ಹೊಸ ಕಾಲದ ಎಳೆಯ ವಿಧವೆ. ಕೂದಲು ತೆಗೆಸಲು ಬಂದಾಗ ಖಡಾಖಂಡಿತವಾಗಿ ಆಗುವುದಿಲ್ಲ ಎನ್ನುತ್ತಾಳೆ. ಮನೆಯೆಲ್ಲ ಗದ್ದಲ. ಆಗ ಅವಳ ಪರ ನಿಲ್ಲುವವಳು ಯಾರು? ತನ್ನ ಆಯುಷ್ಯವೆಲ್ಲ ಬೋಳುತಲೆಯಲ್ಲಿ ಕಳೆದ ಫಣಿಯಮ್ಮ. ನನ್ನ ಪ್ರಕಾರ ಇಡೀ ಪುಸ್ತಕ ಈ ಗಳಿಗೆಗಾಗಿಯೇ ಬರೆದದ್ದು. ಈ ಹುಡುಗಿಯನ್ನು ಬಿಟ್ಟುಬಿಡಿ ಅಂದರೆ ತಾನು ಪಟ್ಟಿದ್ದೆಲ್ಲ ಸುಮ್ನೆ ಪಟ್ಟಿದ್ದು ಎಂದು ಒಪ್ಪಿಕೊಂಡಂತೆ. ಎಷ್ಟು ಜನರಿಂದ ಅದು ಸಾಧ್ಯ? ಫಣಿಯಮ್ಮ ಒಪ್ಪಿಕೊಳ್ಳುತ್ತಾಳೆ. ಮುಂದೆ ದಾಕ್ಷಾಯಿಣಿ ಬಸುರಿಯಾದಾಗಲೂ ಅವಳನ್ನು ಹೀನಾಯ ಮಾಡುವವರ ಜೊತೆ ಸೇರುವುದಿಲ್ಲ.

ಪ್ರೇಮಾ ಕಾರಂತರು ಇದನ್ನು ಸಿನಿಮಾ ಮಾಡಿದ್ದಾರೆ. ಎಲ್. ವಿ. ಶಾರದಾ ಅವರ ಅಭಿನಯ ನೋಡಿದವರು ಮರೆಯುವುದಿಲ್ಲ. ಆದರೆ ಮೊದಲು ಪುಸ್ತಕ ಓದಿ ಎಂದೇ ನನ್ನ ಮಾತು.

ಒಂದು ವಿಷಯ ಹೇಳಲೇಬೇಕು. ನಾನು ಹೆಸರಿಸಿದ ಕಾದಂಬರಿಗಳೆಲ್ಲ ಬ್ರಾಹ್ಮಣ ಮನೆಗಳ ಕಥೆಗಳು. ನಮ್ಮ ನಾಡಿನ ಎಷ್ಟೋ ಸಮುದಾಯಗಳಲ್ಲಿ ಕೂಡಿಕೆ, ಸೀರುಡಿಕೆ ಎಂದು ಗಂಡ ಸತ್ತವಳಿಗೆ ಇನ್ನೊಂದು ಸಂಸಾರ ಕಟ್ಟಿಕೊಳ್ಳುವ ದಾರಿ ಇತ್ತು. ಹಾಗಂತ ಆ ಹೆಂಗಸರ ಬದುಕು ಸುಲಭವಾಗಿತ್ತು ಎಂದಲ್ಲ. ಅವರ ಕಥೆಯೂ ಇಷ್ಟೇ ಹತ್ತಿರದಿಂದ ಬರಬೇಕು. ಅಂಥ ಕಾದಂಬರಿಗಳನ್ನು ಈಗ ಹುಡುಕಿ ಓದಲು ಹೊರಟಿದ್ದೇನೆ.

ನೀವು ಓದಲು ಶುರು ಮಾಡುವುದಾದರೆ 'ಫಣಿಯಮ್ಮ'ದಿಂದಲೇ ಶುರು ಮಾಡಿ. 'ಮೂಕಜ್ಜಿ'ಯನ್ನು ಮನೆಯ ಹಿರಿಯರ ಮುಂದೆ ಜೋರಾಗಿ ಓದಿ, ಅವರು ನಡುವೆ ತಡೆದು ಏನಾದರೂ ಹೇಳಿದರೆ ಪುಸ್ತಕ ಮುಚ್ಚಿಟ್ಟು ಅದನ್ನೇ ಕೇಳಿ. 'ಮರಳಿ ಮಣ್ಣಿಗೆ'ಗೆ ಬಿಡುವು ಜಾಸ್ತಿ ಬೇಕು. ಅವಸರ ಮಾಡಬೇಡಿ. 'ವಂಶವೃಕ್ಷ' ಓದಿದ ಮೇಲೆ ಕಾತ್ಯಾಯನಿಯ ವಿಷಯದಲ್ಲಿ ನನ್ನ ಮಾತು ಸರಿಯಲ್ಲ ಅನ್ನಿಸಿದರೆ ಆಕಾಶವಾಣಿಗೆ ಒಂದು ಪತ್ರ ಬರೆಯಿರಿ. ನಾನು ಓದುತ್ತೇನೆ.

ನಮಸ್ಕಾರ.