ಇನ್ನೆಷ್ಟು ಸೆಟ್ ಇದೆ?

ಮೈಸೂರು ಆಕಾಶವಾಣಿಯ ಕೇಳುಗರಿಗೆಲ್ಲ ನಮಸ್ಕಾರ.

ಕುವೆಂಪುನಗರದ ನಮ್ಮ ಬಡಾವಣೆಯಲ್ಲಿ ಒಂದು ಸಣ್ಣ ಜಿಮ್ ಇದೆ. ಸಮುದಾಯ ಭವನದ ಮಹಡಿ ಮೇಲಿನ ಒಂದು ಕೋಣೆ. ಮೊದಲು ಅಲ್ಲಿ ಗಣಪತಿ ಹಬ್ಬದ ಶಾಮಿಯಾನ, ಮಡಚುವ ಕುರ್ಚಿಗಳನ್ನು ತುಂಬಿಡುತ್ತಿದ್ದರು. ಅಕ್ಕಪಕ್ಕದ ಮನೆಯವರೆಲ್ಲ ಸೇರಿ ದುಡ್ಡು ಹಾಕಿ ಅದನ್ನೇ ಜಿಮ್ ಮಾಡಿಕೊಂಡೆವು. ಒಂದು ರ್ಯಾಕು, ಒರಗು ಏರಿಸಿ ಇಳಿಸಬಹುದಾದ ಒಂದು ಬೆಂಚು, ಒಂದು ಉದ್ದ ರಾಡು, ಒಂದು ಗಿಡ್ಡ ರಾಡು, ಎರಡೂವರೆಯಿಂದ 20 ಕೆ.ಜಿ.ವರೆಗೆ ಡಂಬಲ್ಸು, ಒಂದು ಟ್ರೆಡ್‌ಮಿಲ್ಲು. ಆಸ್ತಿ ಅಂದರೆ ಇಷ್ಟೇ. ಬರುವವರು ಸುಮಾರು 40 ಮಂದಿ. ಬೆಳಗ್ಗೆ 5 ಗಂಟೆಗೆ ಬೀಗ ತೆಗೆಯುವ ಕೆಲಸ ನನ್ನದು. ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದು ನಿವೃತ್ತನಾದವನು ನಾನು.

ಹೋದ ವರ್ಷ ಆಷಾಢದಲ್ಲಿ ನಮ್ಮ ಬೀದಿಯ ಕೊನೆ ಮನೆಯ ಅಮ್ಮ ಒಬ್ಬರು ಜಿಮ್ಮಿಗೆ ಸೇರಿದರು. ವಯಸ್ಸು 58. ಮೂಳೆ ಸವೆದಿದೆ, ನಡಿಗೆಯೊಂದೇ ಸಾಲದು, ಸ್ವಲ್ಪ ಭಾರ ಎತ್ತಿ ಅಂತ ಡಾಕ್ಟರು ಹೇಳಿದ್ದರಂತೆ. ಸರಿಯಾಗಿಯೇ ಹೇಳಿದ್ದಾರೆ. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಬೇಗ ಸವೆಯುತ್ತದೆ. ಭಾರ ಎತ್ತುವಾಗ ಸ್ನಾಯು ಮೂಳೆಯನ್ನು ಹಿಡಿದು ಎಳೆಯುತ್ತದೆ, ಆ ಎಳೆತಕ್ಕೆ ಮೂಳೆ ಬಲ ಉಳಿಸಿಕೊಳ್ಳುತ್ತದೆ. ವಾರಕ್ಕೆ ಕನಿಷ್ಠ 2 ದಿನ ಸ್ನಾಯುಗಳಿಗೆ ಕೆಲಸ ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೂ 2020ರ ಮಾರ್ಗಸೂಚಿಯಲ್ಲಿ ವಯಸ್ಕರಿಗೆಲ್ಲ ಹೇಳಿದೆ, 65 ದಾಟಿದವರನ್ನೂ ಸೇರಿಸಿ.

ಆ ಅಮ್ಮನಿಗೆ ಬೇಕಾಗಿದ್ದದ್ದು ಬೆಂಚು. ಬೆನ್ನು ಒರಗಿಸಿ ಕೂತು, ಗಿಡ್ಡ ರಾಡನ್ನು ಎದೆಯ ಹತ್ತಿರದಿಂದ ಮೇಲಕ್ಕೆ ತಳ್ಳಬೇಕು. ಮೂರು ದಿನ ಬಂದರು. ನಾಲ್ಕನೇ ದಿನ ಬರಲಿಲ್ಲ. ಆಮೇಲೂ ಬರಲಿಲ್ಲ. ಸೊಪ್ಪಿನ ಗಾಡಿ ಹತ್ತಿರ ಸಿಕ್ಕಾಗ ನನ್ನ ಹೆಂಡತಿ ಕೇಳಿದಳು. "ಅಯ್ಯೋ ಬಿಡಿ ಇವ್ರೇ, ಆ ಹುಡುಗ್ರು ಬೆಂಚ್ ಮೇಲೆ ಕೂತಿರ್ತಾರೆ. ಎದ್ದೇಳ್ತಾರೇನೋ ಅಂತ ಅರ್ಧ ಗಂಟೆ ನಿಂತು ನೋಡ್ದೆ. ಮನೇಲಿ ತಿಂಡಿಗೆ ಹೊತ್ತಾಗತ್ತೆ, ವಾಪಸ್ ಬಂದ್ಬಿಟ್ಟೆ" ಅಂದರಂತೆ.

ಆ ಮಾತು ಕೇಳಿ ನನಗೆ ರಾತ್ರಿ ನಿದ್ದೆ ಹತ್ತಲಿಲ್ಲ. ಆ ಹುಡುಗರನ್ನು ನಾನು ಬಲ್ಲೆ. ಇಂಜಿನಿಯರಿಂಗ್ ಓದುವವರು, ಎದುರಿಗೆ ಸಿಕ್ಕರೆ ಗಾಡಿ ನಿಲ್ಲಿಸಿ ಮಾತಾಡಿಸುವಂಥವರು. ಮಾರನೇ ದಿನ ಒಬ್ಬನನ್ನು ಕರೆದು ವಿಷಯ ಹೇಳಿದೆ. ಅವನ ಮುಖ ಸಪ್ಪಗಾಯಿತು. "ಸಾರ್, ಅವ್ರು ಕೇಳ್ಲೇ ಇಲ್ವಲ್ಲ" ಅಂದ. ಆ ಅಮ್ಮನನ್ನು ಕೇಳಿದರೆ "ಅವ್ರು ಕರೀಲೇ ಇಲ್ವಲ್ಲ" ಅನ್ನುತ್ತಿದ್ದರು. ಈ ಎರಡು ಮಾತಿನ ನಡುವೆ ಮೂರು ದಿನ ಒಂದು ಬೆಂಚು ಸಿಕ್ಕಿಕೊಂಡಿತ್ತು. ನಾನು ಇವತ್ತು ನಿಮ್ಮ ಮುಂದೆ ಬಂದಿರುವುದು ಆ ಬೆಂಚಿನ ವಿಷಯಕ್ಕೇ.

ಸ್ವಲ್ಪ ಲೆಕ್ಕ ಹಾಕೋಣ. ಭಾರವನ್ನು ನಡುವೆ ನಿಲ್ಲಿಸದೆ ಒಂದಷ್ಟು ಸಲ ಎತ್ತಿ ಇಳಿಸಿದರೆ ಅದು ಒಂದು ಸೆಟ್. ಒಂದು ಸೆಟ್ ಹೊಡೆಯುವುದಕ್ಕೆ ಹೆಚ್ಚೆಂದರೆ 40 ಸೆಕೆಂಡು. ಭಾರ ಜಾಸ್ತಿ ಇದ್ದರೆ ಮುಂದಿನ ಸೆಟ್ಟಿಗೆ ಮೊದಲು ಎರಡು ಮೂರು ನಿಮಿಷ ಸುಧಾರಿಸಿಕೊಳ್ಳಬೇಕು. ಸ್ನಾಯುವಿನಲ್ಲಿ ಖರ್ಚಾದ ಶಕ್ತಿ ತುಂಬಿಕೊಳ್ಳಲು ಅಷ್ಟು ಹೊತ್ತು ಬೇಕೇ ಬೇಕು, ಹಾಗಾಗಿ ಕೂತು ಸುಧಾರಿಸಿಕೊಳ್ಳುವವರನ್ನು ನಾನು ಯಾವತ್ತೂ ಬೈಯುವುದಿಲ್ಲ. ಐದು ಸೆಟ್ ಹೊಡೆದರೆ, ನಡುವೆ ಎರಡೂವರೆ ನಿಮಿಷದಂತೆ ನಾಲ್ಕು ವಿರಾಮ. ಒಟ್ಟು 13 ನಿಮಿಷದ ಮೇಲಾಯಿತು. ಅಷ್ಟರಲ್ಲಿ ಬೆಂಚಿಗೆ ಕೆಲಸ ಇದ್ದದ್ದು ಮೂರು ನಿಮಿಷ 20 ಸೆಕೆಂಡು. ಮಿಕ್ಕ 10 ನಿಮಿಷ ಬೆಂಚು ಸುಮ್ಮನೆ ಬಿದ್ದಿರುತ್ತದೆ. ಅದರ ಮೇಲೆ ಒಬ್ಬರು ಮೊಬೈಲ್ ನೋಡುತ್ತಾ ಕೂತಿರುತ್ತಾರೆ, ಅಷ್ಟೇ. ಆ ಹತ್ತು ನಿಮಿಷದೊಳಗೆ ಇನ್ನಿಬ್ಬರ ವ್ಯಾಯಾಮ ಧಾರಾಳವಾಗಿ ಹಿಡಿಸುತ್ತದೆ. ಒಬ್ಬರು ಎತ್ತುವಾಗ ಇಬ್ಬರು ಸುಧಾರಿಸಿಕೊಳ್ಳುತ್ತಾರೆ. ಯಾರ ಹೊತ್ತೂ ಹಾಳಾಗುವುದಿಲ್ಲ.

ಅದಕ್ಕೆ ಬೇಕಾದ ಮಾತು ಬಹಳ ಚಿಕ್ಕದು. "ಅಣ್ಣ, ಇನ್ನೆಷ್ಟು ಸೆಟ್ ಇದೆ?" "ಇನ್ನೂ ಮೂರಿದೆ, ಬನ್ನಿ ಸಾರ್, ಮಧ್ಯೆ ನೀವೂ ಹೊಡೀರಿ." ಮಧ್ಯೆ ಸೇರಿಕೊಂಡವರು ರಾಡಿನ ತುದಿಗೆ ಭಾರಕ್ಕೆ ಹಾಕುವ ಪ್ಲೇಟನ್ನೋ ಬೆಂಚಿನ ಒರಗನ್ನೋ ಬದಲಿಸಿಕೊಂಡರೆ, ತಮ್ಮ ಸೆಟ್ ಮುಗಿದ ಮೇಲೆ ಮೊದಲಿದ್ದವರಿಗೆ ಹೇಗಿತ್ತೋ ಹಾಗೆ ಮಾಡಿಕೊಡಬೇಕು. ಒಬ್ಬರು 80 ಕೆ.ಜಿ. ಹಾಕಿಕೊಂಡು ಸ್ಕ್ವಾಟ್, ಅಂದರೆ ಹೆಗಲ ಮೇಲೆ ರಾಡು ಹೊತ್ತು ಬಸ್ಕಿ, ಮಾಡುತ್ತಿದ್ದಾರೆ, ಇನ್ನೊಬ್ಬರಿಗೆ ಖಾಲಿ ರಾಡು ಸಾಕು ಅಂದಾಗ ಈ ಏರ್ಪಾಡು ನಡೆಯುವುದಿಲ್ಲ. ಪ್ಲೇಟು ತೆಗೆದು ಹಾಕುವುದೇ ಒಂದು ವ್ಯಾಯಾಮ ಆಗಿಬಿಡುತ್ತದೆ. ಅಂಥ ಕಡೆ ಇನ್ನೆಷ್ಟು ಸೆಟ್ ಅಂತ ನಿಜವಾದ ಲೆಕ್ಕ ಹೇಳಿ ಕಾಯಿಸುವುದೇ ಮೇಲು. ಮೂರು ಅಂದು ಆರು ಹೊಡೆಯಬಾರದು.

ಕೇಳುವ ಜವಾಬ್ದಾರಿ ಬಂದವರದು ಅಂತ ಬಹಳ ಜನ ವಾದ ಮಾಡುತ್ತಾರೆ. ನಾನು ಒಪ್ಪುವುದಿಲ್ಲ. ಮೊದಲ ವಾರ ಬಂದವರಿಗೆ ಯಾವ ಸಾಮಾನಿನ ಹೆಸರೂ ಗೊತ್ತಿರುವುದಿಲ್ಲ. ನಾಲ್ಕು ಜನ ಗಟ್ಟಿಮುಟ್ಟಾದ ಹುಡುಗರ ನಡುವೆ ಹೋಗಿ "ಸ್ವಲ್ಪ ಏಳ್ತೀರಾ" ಅನ್ನಲು ವಯಸ್ಸಾದವರಿಗೆ, ಹೆಣ್ಣುಮಕ್ಕಳಿಗೆ, ಮೈ ಬಂದಿದೆ ಅಂತ ಮೊದಲೇ ಮುದುಡಿಕೊಂಡಿರುವವರಿಗೆ ಬಾಯಿ ಬರುವುದಿಲ್ಲ. ನಮ್ಮ ಮನೆಯ ಬಾಗಿಲಿಗೆ ಯಾರಾದರೂ ಬಂದು ನಿಂತರೆ ಅವರು ಕೇಳಲಿ ಅಂತ ಕಾಯುತ್ತೇವೆಯೇ? "ಬನ್ನಿ, ಕೂತ್ಕೊಳ್ಳಿ" ಅಂತ ನಾವೇ ಮೊದಲು ಅನ್ನುತ್ತೇವೆ. ಜಿಮ್ಮಿನಲ್ಲಿ ಬೆಂಚಿನ ಮೇಲೆ ಕೂತಿರುವವರೇ ಆ ಹೊತ್ತಿನ ಮನೆಯವರು. ಕರೆಯಬೇಕಾದವರು ಅವರು.

ಇನ್ನು ಟವೆಲ್ಲಿನ ವಿಷಯ. ಹಬ್ಬದ ಹಿಂದಿನ ದಿನ ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದನ್ನು ನೋಡಿದ್ದೀರಿ. ಅದೇ ಅಭ್ಯಾಸ ಜಿಮ್ಮಿಗೂ ಬಂದಿದೆ. ಬೆಂಚಿನ ಮೇಲೆ ಟವೆಲ್ಲು, ರ್ಯಾಕಿನಲ್ಲಿ ನೀರಿನ ಬಾಟಲಿ, ಪಕ್ಕದಲ್ಲಿ ಎರಡು ಜೊತೆ ಡಂಬಲ್ಸು. ಯಜಮಾನರು ಟ್ರೆಡ್‌ಮಿಲ್ ಮೇಲೆ. ಎರಡು ವ್ಯಾಯಾಮವನ್ನು ಬೆನ್ನುಬೆನ್ನಿಗೆ ಮಾಡುವ ಪದ್ಧತಿ ಒಳ್ಳೆಯದೇ ಇರಬಹುದು, ಮಧ್ಯಾಹ್ನ ಖಾಲಿ ಇದ್ದಾಗ ಮಾಡಿ. ಬೆಳಗ್ಗೆ ಐದೂಕಾಲಿಗೆ ನಮ್ಮಲ್ಲಿಗೆ ಬರುವವರಲ್ಲಿ ಚಾಮುಂಡಿ ಎಕ್ಸ್‌ಪ್ರೆಸ್ ಹಿಡಿದು ಬೆಂಗಳೂರಿನ ಕೆಲಸಕ್ಕೆ ಓಡುವವರಿದ್ದಾರೆ. ಅವರಿಗಿರುವುದು ಅರ್ಧ ಗಂಟೆ. ಅದರಲ್ಲಿ ಹತ್ತು ನಿಮಿಷ ನಿಮ್ಮ ಟವೆಲ್ ಕಾಯುವುದರಲ್ಲೇ ಕಳೆದರೆ ಅವರಿಗೆ ಆ ದಿನ ವ್ಯಾಯಾಮವೇ ಇಲ್ಲ.

ನಾನು ಹುಡುಗನಾಗಿದ್ದಾಗ ಸೋದರಮಾವನ ಜೊತೆ ಗರಡಿ ಮನೆಗೆ ಹೋಗುತ್ತಿದ್ದೆ. ಗರಡಿಗಳಿಗೆ ಹೆಸರಾದ ಊರು ನಮ್ಮದು. ರಣಧೀರ ಕಂಠೀರವ ನರಸರಾಜ ಒಡೆಯರಂಥ ಅರಸರೇ ಮಲ್ಲಯುದ್ಧದಲ್ಲಿ ಹೆಸರು ಮಾಡಿದ ನಾಡು. ಆ ಗರಡಿಯಲ್ಲಿದ್ದ ಸಾಮಾನು ನಮ್ಮ ಜಿಮ್ಮಿಗಿಂತಲೂ ಕಡಿಮೆ. ಎರಡು ಗದೆ, ಒಂದು ಗುಂಡುಕಲ್ಲು, ನಡುವೆ ಮಟ್ಟಿ. ಕೆಮ್ಮಣ್ಣಿಗೆ ಅರಿಶಿನ, ತುಪ್ಪ ಬೆರೆಸಿ ಹದ ಮಾಡಿದ ಆ ಮಟ್ಟಿಯ ವಾಸನೆ ಈಗಲೂ ಮೂಗಿನಲ್ಲಿದೆ. ಚಪ್ಪಲಿ ಹೊರಗೆ. ಒಳಗೆ ಕಾಲಿಡುವ ಮೊದಲು ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಳ್ಳಬೇಕು. ಸಾಮು ಶುರುವಾಗುವ ಮುಂಚೆ ಯಾರಾದರೂ ಮಟ್ಟಿ ಅಗೆದು ಸಡಿಲ ಮಾಡಬೇಕು. ಇಲ್ಲದಿದ್ದರೆ ಬಿದ್ದವರ ಮೂಳೆ ಮುರಿಯುತ್ತದೆ. ಅಗೆದವನೇ ಮೊದಲು ಬೀಳುತ್ತಾನೆ ಅಂತೇನಿಲ್ಲ, ಯಾರೋ ಅಗೆದ ಮಣ್ಣಿನ ಮೇಲೆ ಇನ್ಯಾರೋ ಬೀಳುತ್ತಾರೆ. ಗದೆ ತಿರುಗಿಸಿ ಮುಗಿದ ಮೇಲೆ ಗೋಡೆಗೆ ಒರಗಿಸುವ ಜಾಗ ಒಂದೇ. ಕಣ್ಣುಮುಚ್ಚಿ ಕೈ ಚಾಚಿದರೆ ಹಿಡಿ ಸಿಗಬೇಕು ಅನ್ನುತ್ತಿದ್ದರು ಉಸ್ತಾದರು.

ಆ ಗರಡಿಯ ಎಲ್ಲವನ್ನೂ ನಾನು ಹೊಗಳುವುದಿಲ್ಲ. ಹೆಂಗಸರು ಹೊಸಿಲು ದಾಟುವಂತಿರಲಿಲ್ಲ. ಈಗ ದಸರಾ ಕುಸ್ತಿಯಲ್ಲಿ ಹೆಣ್ಣುಮಕ್ಕಳು ಅಖಾಡಕ್ಕಿಳಿಯುವುದನ್ನು ನೋಡಿದಾಗ ನನಗೆ ಬಹಳ ಸಂತೋಷ ಆಗುತ್ತದೆ.

ಪ್ಲೇಟುಗಳ ವಿಷಯಕ್ಕೆ ಬರುತ್ತೇನೆ, ಇದರಲ್ಲಿ ನನ್ನದೇ ಒಂದು ತಪ್ಪಿದೆ. ಜಿಮ್ ಶುರುವಾದ ಹೊಸದರಲ್ಲಿ ನಮ್ಮಲ್ಲೊಂದು ಹಳೇ ಬೆಂಚಿತ್ತು. ರಾಡು ಇಡುವ ಎರಡು ಕಂಬ ತೀರಾ ಹತ್ತಿರ ಹತ್ತಿರ. ಯಾರೋ ಎರಡೂ ಕಡೆ 20-20 ಕೆ.ಜಿ. ಹಾಕಿ ಹಾಗೇ ಬಿಟ್ಟು ಹೋಗಿದ್ದರು. ಖಾಲಿ ಮಾಡೋಣ ಅಂತ ನಾನು ಎಡಗಡೆಯದನ್ನೆಲ್ಲ ಒಂದೇ ಸಲಕ್ಕೆ ತೆಗೆದೆ. ಬಲಗಡೆಯ ಭಾರಕ್ಕೆ ರಾಡು ತಕ್ಕಡಿಯಂತೆ ವಾಲಿತು, ಖಾಲಿ ತುದಿ ಚಿಮ್ಮಿ ಮೇಲಕ್ಕೆ ಹಾರಿತು. ಪಕ್ಕದಲ್ಲಿ ಬಗ್ಗಿ ಶೂ ಲೇಸು ಕಟ್ಟಿಕೊಳ್ಳುತ್ತಿದ್ದ ಹುಡುಗನ ಕಿವಿಯ ಪಕ್ಕದಲ್ಲೇ ಗಾಳಿ ಬೀಸಿದಂತೆ ಹೋಯಿತು. ಒಂದು ಗೇಣು ಈಚೆ ಇದ್ದಿದ್ದರೆ ಏನಾಗುತ್ತಿತ್ತೋ. ಅವನ ತಾಯಿಯ ಮನೆಗೆ ಹೋಗಿ ನಾನೇ ವಿಷಯ ತಿಳಿಸಿ ಬಂದೆ. ಅವತ್ತಿನಿಂದ ಎಲ್ಲರಿಗೂ ಹೇಳುತ್ತಿದ್ದೇನೆ. ಈ ಕಡೆ ಒಂದು ತೆಗೆದರೆ ಆ ಕಡೆ ಒಂದು ತೆಗೆಯಿರಿ. ಮತ್ತೆ, ಹಾಕಿದವರೇ ತೆಗೆದಿಡಿ. ನೀವು ಆಟದಂತೆ ಎತ್ತಿದ 20 ಕೆ.ಜಿ. ಪ್ಲೇಟು ನಿಮ್ಮ ನಂತರ ಬರುವ 60 ವರ್ಷದವರ ಸೊಂಟ ಉಳುಕಿಸಬಹುದು.

ದೊಡ್ಡ ಪ್ಲೇಟು ಎಲ್ಲಿದ್ದರೂ ಕಾಣುತ್ತದೆ. ಕಳೆದುಹೋಗುವುದು ಸಣ್ಣವು. ಒಂದೂಕಾಲು ಕೆ.ಜಿ.ಯ ಪ್ಲೇಟು ತಿಂಡಿ ತಟ್ಟೆಯಷ್ಟು ಇರುತ್ತದೆ, ಹುಡುಗರು ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ಆದರೆ ನಮ್ಮ ಗಿಡ್ಡ ರಾಡು 8 ಕೆ.ಜಿ. ಎರಡೂ ಕಡೆ ಒಂದೂಕಾಲು ಹಾಕಿದರೆ ಹತ್ತೂವರೆ. ಆ ಸಣ್ಣ ಪ್ಲೇಟಿಲ್ಲದಿದ್ದರೆ ಎರಡೂವರೆಯದನ್ನೇ ಹಾಕಬೇಕು, 8ರಿಂದ ನೇರ 13ಕ್ಕೆ ಹಾರಬೇಕು. ಸವೆದ ಮೂಳೆಯವರಿಗೆ ಹಾಗೆ ಹಾರಲಾಗುತ್ತದೆಯೇ? ಹೋದ ವರ್ಷ ನಮ್ಮಲ್ಲಿ ಒಂದೂಕಾಲಿನ ಎರಡು ಪ್ಲೇಟುಗಳಲ್ಲಿ ಒಂದು, ತಿಂಗಳುಗಟ್ಟಲೆ ಕಾಣೆಯಾಗಿತ್ತು.

ಬೆವರಿನ ವಿಷಯ ಹೇಳಲು ಕೆಲವರಿಗೆ ಮುಜುಗರ. ನನಗಿಲ್ಲ. ಹುಳುಕಡ್ಡಿ, ಗಜಕರ್ಣ ಅಂತ ಕರೆಯುತ್ತೇವಲ್ಲ, ಅದು ಶಿಲೀಂಧ್ರದಿಂದ ಬರುವ ಸೋಂಕು. ಒಬ್ಬರ ಟವೆಲ್ ಇನ್ನೊಬ್ಬರು ಬಳಸಿದರೆ, ಒದ್ದೆ ರೆಕ್ಸಿನ್ ಮೇಲೆ ಬರೀ ಮೈಯಲ್ಲಿ ಮಲಗಿದರೆ ಹರಡುತ್ತದೆ. ನಿಮ್ಮದೇ ಟವೆಲ್ ಹಾಸಿ ಮಲಗಿ, ಎದ್ದ ಮೇಲೆ ಬೆಂಚು ಒರೆಸಿ. ಸ್ಪ್ರೇಯನ್ನು ಬಟ್ಟೆಗೆ ಹೊಡೆದು ಒರೆಸಿ, ನೇರವಾಗಿ ಟ್ರೆಡ್‌ಮಿಲ್ಲಿನ ಗುಂಡಿಗಳ ಮೇಲೆ ಹೊಡೆದರೆ ಒಳಗೆ ನೀರಿಳಿಯುತ್ತದೆ. ಬೆವರಿನ ಉಪ್ಪಿಗೆ ರಾಡು ತುಕ್ಕು ಹಿಡಿಯುತ್ತದೆ, ಮಳೆಗಾಲದಲ್ಲಂತೂ ಇನ್ನೂ ಬೇಗ.

ಡಂಬಲ್ಸು ಎತ್ತಿ ಹಾಕಬೇಡಿ, ಕೆಳಗಡೆ ಭವನದಲ್ಲಿ ಮಕ್ಕಳಿಗೆ ಸಂಗೀತ ಪಾಠ ನಡೆಯುತ್ತಿರುತ್ತದೆ. ಕನ್ನಡಿ ನೋಡಿಕೊಂಡು ಎತ್ತುವವರ ಮುಂದೆ ಹೋಗಿ ನಿಲ್ಲಬೇಡಿ. ಭಾರ ಮೇಲಿರುವಾಗ ಯಾರನ್ನೂ ಮಾತಾಡಿಸಬೇಡಿ. ಕೇಳದೆ ಪಾಠ ಹೇಳಬೇಡಿ, ಅಪಾಯ ಕಂಡರೆ ಮಾತ್ರ ಹೇಳಿ.

ಇವನ್ನೆಲ್ಲ ಬರೆದು ನಮ್ಮ ಸಂಘದವರು ಗೋಡೆಗೆ ಒಂದು ಬೋರ್ಡು ಹಾಕಿದ್ದರು. ಅದನ್ನು ಓದಿದವರನ್ನು ನಾನು ಕಾಣೆ. ಬದಲಾವಣೆ ಬಂದದ್ದು ಬೇರೆ ರೀತಿ. ನನ್ನ ಹೆಂಡತಿ ಆ ಅಮ್ಮನನ್ನು ಒತ್ತಾಯ ಮಾಡಿ ಮತ್ತೆ ಕರೆತಂದಳು. ಬಾಗಿಲಲ್ಲಿ ಅವರನ್ನು ಕಂಡ ತಕ್ಷಣ ಆ ಹುಡುಗ ಬೆಂಚಿನಿಂದ ಎದ್ದ. "ಬನ್ನಿ ಆಂಟಿ, ನಂದು ಇನ್ನೂ ಎರಡು ಸೆಟ್ ಇದೆ, ಅಷ್ಟರಲ್ಲಿ ನೀವೊಂದು ಮಾಡ್ಕೊಳ್ಳಿ" ಅಂದು ಬೆಂಚು ಒರೆಸಿದ, ಒರಗು ಏರಿಸಿದ, ಗಿಡ್ಡ ರಾಡು ತಂದು ಕೈಗೆ ಕೊಟ್ಟ. ಅವರು ಎಂಟು ಸಲ ತಳ್ಳಿದರು. ಅವನು ಎಣಿಸಿದ. ಆಮೇಲೆ ಅವನ ಸರದಿ ಬಂದಾಗ ಅವರು ಎಣಿಸಿದರು. ಉಳಿದ ಹುಡುಗರು ನೋಡುತ್ತಿದ್ದರು. ಒಂದೆರಡು ವಾರದಲ್ಲಿ "ಇನ್ನೆಷ್ಟು ಸೆಟ್ ಇದೆ" ಅನ್ನುವ ಮಾತು ಆ ಕೋಣೆಯಲ್ಲಿ ಎಲ್ಲರ ಬಾಯಲ್ಲೂ ಬಂತು.

ಆಯುಧಪೂಜೆಯ ದಿನ ಎಲ್ಲರೂ ತಮ್ಮ ತಮ್ಮ ಗಾಡಿ ತೊಳೆದು, ಹತ್ತು ಗಂಟೆ ಹೊತ್ತಿಗೆ ಜಿಮ್ಮಿಗೆ ಬಂದರು. ರಾಡಿಗೆ ಎಣ್ಣೆ ಸವರಿ ಒರೆಸಿದೆವು. ಪ್ಲೇಟುಗಳನ್ನೆಲ್ಲ ಹೊರಗೆ ಸಾಲಾಗಿ ಇಟ್ಟು ಅರಿಶಿನ ಕುಂಕುಮ ಹಚ್ಚಿದೆವು. ಕಸ ಗುಡಿಸಲು ರ್ಯಾಕನ್ನು ನಾಲ್ಕು ಜನ ಹಿಡಿದು ಸರಿಸಿದಾಗ, ಗೋಡೆಯ ಸಂದಿಯಲ್ಲಿ ಧೂಳು ಮುಚ್ಚಿಕೊಂಡು ಕಾಣೆಯಾಗಿದ್ದ ಆ ಒಂದೂಕಾಲು ಕೆ.ಜಿ. ಪ್ಲೇಟು ನಿಂತಿತ್ತು. ಆ ಅಮ್ಮನೇ ಅದನ್ನು ಸೆರಗಿನಲ್ಲಿ ಒರೆಸಿ, ಹೂವಿಟ್ಟು, ಅದರ ಜೊತೆಯ ಪಕ್ಕದಲ್ಲಿ ಇಟ್ಟರು. ವಿಜಯದಶಮಿ ಕಳೆದ ಮಾರನೇ ದಿನ ಬೆಳಗ್ಗೆ ಅವರು ಹತ್ತೂವರೆ ಕೆ.ಜಿ. ತಳ್ಳಿದರು.

ನಮಸ್ಕಾರ.