ನಾಯಿಗೂಡಿನ ಮೇಲೊಂದು ಕೆಂಪು ಹೃದಯ

ಕೇಳುಗರಿಗೆ ನಮಸ್ಕಾರ.

ಇವತ್ತು ನಾನು ಮಾತನಾಡಬೇಕಾದದ್ದು ಮಕ್ಕಳ ಪತ್ತೇದಾರಿ ಪುಸ್ತಕಗಳ ಬಗ್ಗೆ. ಆದರೆ ಈ ಮೈಕಿನ ಮುಂದೆ ಕುಳಿತಾಗ ನನ್ನ ಕಣ್ಣಿಗೆ ಕಟ್ಟುತ್ತಿರುವವರು ಮಕ್ಕಳಲ್ಲ. ಅಮೆರಿಕದಲ್ಲಿರುವ ಮಗನ ಮನೆಗೋ ಮಗಳ ಮನೆಗೋ ಆರು ತಿಂಗಳಿಗೆಂದು ಹೊರಟಿರುವ ಅಜ್ಜ ಅಜ್ಜಿಯರು. ಸೂಟ್‌ಕೇಸಿಗೆ ಚಟ್ನಿಪುಡಿ, ಸಾರಿನಪುಡಿ, ಹಪ್ಪಳ ತುಂಬಿ ಮತ್ತೆ ಮತ್ತೆ ತೂಕ ನೋಡುತ್ತಿದ್ದೀರಲ್ಲ, ನಿಮಗೇ ಹೇಳುತ್ತಿದ್ದೇನೆ. ಅಲ್ಲಿಗೆ ಹೋದ ಮೇಲೆ ಮಧ್ಯಾಹ್ನ ಮೊಮ್ಮಗುವನ್ನು ಶಾಲೆಯಿಂದ ಕರೆತರುವ ಕೆಲಸ ನಿಮ್ಮ ಪಾಲಿಗೆ ಬರುತ್ತದೆ. ಅಲ್ಲಿಂದ ಮಗು ನಿಮ್ಮನ್ನು ಊರಿನ ಗ್ರಂಥಾಲಯಕ್ಕೆ ಎಳೆದುಕೊಂಡು ಹೋಗುತ್ತದೆ. ನ್ಯೂಜೆರ್ಸಿಯ ಅಂಥದೊಂದು ಗ್ರಂಥಾಲಯದ ಮಕ್ಕಳ ವಿಭಾಗದಲ್ಲಿ ನಾನು ಹತ್ತೊಂಬತ್ತು ವರ್ಷ ಕೆಲಸ ಮಾಡಿದ್ದೇನೆ. ನಿಮ್ಮಂಥ ಎಷ್ಟೋ ಜನರನ್ನು ಕಂಡಿದ್ದೇನೆ. ಎಲ್ಲರದೂ ಒಂದೇ ತಪ್ಪು. ಮಗು ಪುಸ್ತಕ ಮುಚ್ಚುವುದನ್ನೇ ಕಾದಿದ್ದು ಕೇಳುತ್ತೀರಿ: "ಈ ಕಥೆಯ ನೀತಿ ಏನು, ಪುಟ್ಟಾ?"

ನೀತಿ ಕೇಳಬೇಡಿ, ಸುಳಿವು ಕೇಳಿ. ನನ್ನ ಭಾಷಣ ಇಷ್ಟೇ. ಉಳಿದ ಹೊತ್ತೆಲ್ಲ ಇದನ್ನೇ ತಿರುಗಿಸಿ ಮುರುಗಿಸಿ ಹೇಳುತ್ತೇನೆ, ಬೇಸರಿಸಬೇಡಿ.

ನೇಟ್ ದ ಗ್ರೇಟ್ ಎಂಬ ಹುಡುಗನನ್ನು ನಿಮಗೆ ಪರಿಚಯ ಮಾಡಿಸಬೇಕು. ಆರೇಳು ವರ್ಷದ ಮಕ್ಕಳು ತಾವಾಗಿ ಓದಿಕೊಳ್ಳಲೆಂದು ಬರೆದ ಪುಸ್ತಕ ಸರಣಿಯ ನಾಯಕ ಅವನು. ಮೊದಲ ಪುಸ್ತಕ ಬಂದದ್ದು 1972ರಲ್ಲಿ. ಬರೆದವರು ಮಾರ್ಜೊರಿ ವೈನ್‌ಮನ್ ಶಾರ್ಮಟ್. ತಮ್ಮ ತಂದೆ ನೇಥನ್ ಅವರ ಹೆಸರನ್ನೇ ತುಂಡು ಮಾಡಿ ಈ ಹುಡುಗನಿಗೆ ಇಟ್ಟರು. ಚಿತ್ರ ಬರೆದವರು ಮಾರ್ಕ್ ಸಿಮೊಂಟ್. ನೇಟ್‌ಗೆ ದೊಡ್ಡ ಪತ್ತೇದಾರರ ಹಾಗೆ ಟೋಪಿ, ಉದ್ದನೆಯ ಕೋಟು, ಬಿಗಿದ ಮುಖ. ಹೊಟ್ಟೆಗೆ ಮಾತ್ರ ಪ್ಯಾನ್‌ಕೇಕ್ ಆಗಬೇಕು, ಅಂದರೆ ನಮ್ಮ ಸೆಟ್ ದೋಸೆಯ ಅಮೆರಿಕದ ನೆಂಟ. ಮನೆಯಿಂದ ಹೊರಡುವಾಗ ಅಮ್ಮನಿಗೆ ಚೀಟಿ ಬರೆದಿಟ್ಟು ಹೋಗುತ್ತಾನೆ. ಅವನ ನಾಯಿಯ ಹೆಸರು ಸ್ಲಡ್ಜ್, ಚರಂಡಿಯ ಕೆಸರು ಎಂದಿಟ್ಟುಕೊಳ್ಳಿ. ಬಯಲಿನಲ್ಲಿ ಹಳಸಿದ ಪ್ಯಾನ್‌ಕೇಕ್ ತಿನ್ನುತ್ತಿದ್ದ ನಾಯಿ ಅದು. ಅಭಿರುಚಿ ಒಂದೇ ಎಂದು ಕಂಡ ಮೇಲೆ ಇವನು ಬಿಡುತ್ತಾನೆಯೇ, ಮನೆಗೆ ಕರೆತಂದ.

ಈ ಪುಸ್ತಕಗಳಲ್ಲಿ ಕೊಲೆಯಿಲ್ಲ, ದರೋಡೆಯಿಲ್ಲ. ಮೊದಲನೆಯ ಪುಸ್ತಕವನ್ನೇ ನೋಡಿ. ಆನಿ ಎಂಬ ಹುಡುಗಿ ಹಳದಿ ಬಣ್ಣದಲ್ಲಿ ತನ್ನ ನಾಯಿಯ ಚಿತ್ರ ಬರೆದಿದ್ದಳು, ಅದು ಕಾಣೆಯಾಗಿದೆ. ನೇಟ್ ಮನೆಯೆಲ್ಲ ಹುಡುಕುತ್ತಾನೆ. ಆನಿಯ ಪುಟ್ಟ ತಮ್ಮ ಹ್ಯಾರಿಯ ಕೋಣೆಗೂ ಹೋಗುತ್ತಾನೆ. ಹ್ಯಾರಿ ಬರೆದ ಚಿತ್ರಗಳಲ್ಲಿ ಕೋಡಂಗಿ ಕೆಂಪು, ಮನೆ ಕೆಂಪು, ಮರ ಕೆಂಪು. ಮೂರು ತಲೆಯ ರಾಕ್ಷಸ ಮಾತ್ರ ಕಿತ್ತಳೆ. ಒಂದೇ ಕೆಂಪು ಬಣ್ಣ ಹಿಡಿದುಕೊಂಡ ಮಗುವಿನ ಕೈಯಲ್ಲಿ ಕಿತ್ತಳೆ ಹೇಗೆ ಬಂತು? ಹಳದಿಯ ಮೇಲೆ ಕೆಂಪು ಬಳಿದರೆ ಕಿತ್ತಳೆ. ರಾಕ್ಷಸನ ಎರಡು ತಲೆ ನಾಯಿಯ ಕಿವಿ, ಮೂರನೆಯದು ಬಾಲ! ಇಡೀ ಸುಳಿವು ಮಗುವಿನ ಕಣ್ಣೆದುರಿಗೇ ಇತ್ತು. ಇದನ್ನು ಓದಿ ಮುಗಿಸಿದ ಮಗುವನ್ನು "ನೀತಿ ಏನು" ಎಂದು ಕೇಳಿದರೆ ಅದು ಏನು ಹೇಳಬೇಕು? ತಮ್ಮಂದಿರನ್ನು ನಂಬಬಾರದು ಎನ್ನಬೇಕೆ?

ನಿಮ್ಮ ಬಾಲ್ಯ ನೆನಪಿಸಿಕೊಳ್ಳಿ. "ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ" ಎಂದು ನಿಮ್ಮ ಅಜ್ಜಿ ಒಗಟು ಹಾಕುತ್ತಿದ್ದರು. ನೀವು ಮಲ್ಲಿಗೆ ಎಂದಿರಿ. ಅಜ್ಜಿ ಆಗ ಮಲ್ಲಿಗೆಯ ನೀತಿ ಕೇಳಿದರೇ? ಇಲ್ಲ, ಇನ್ನೊಂದು ಒಗಟು ಹಾಕಿದರು. ಗಟ್ಟಿ ಅಜ್ಜಿ.

ಈಗ ವ್ಯಾಲೆಂಟೈನ್ ಪುಸ್ತಕ. 1994ರಲ್ಲಿ ಬಂದದ್ದು, ಹೆಸರು "ನೇಟ್ ದ ಗ್ರೇಟ್ ಅಂಡ್ ದ ಮಶಿ ವ್ಯಾಲೆಂಟೈನ್". ಈ ಮಶಿ ನಮ್ಮ ಮಸಿಯಲ್ಲ. ಅನ್ನ ಅತಿಯಾಗಿ ಬೆಂದು ಹಿಸುಕಿದರೆ ಕೈಗಂಟುತ್ತದಲ್ಲ, ಹಾಗೆ ಮುದ್ದು ಹೆಚ್ಚಾಗಿ ಮುದ್ದೆಯಾದ ಮಾತಿಗೆ ಅಲ್ಲಿನವರು ಮಶಿ ಎನ್ನುತ್ತಾರೆ. ನೇಟ್‌ಗೆ ಅಂಥ ಮಾತೆಂದರೆ ಮೈಯುರಿ. ಅವನಿಗೇ ಇಂಥ ಪ್ರಕರಣ ಬರಬೇಕೆ? ಸ್ಲಡ್ಜ್‌ನ ಗೂಡಿನ ಮೇಲೆ ಯಾರೋ ಕಾಗದದ ದೊಡ್ಡ ಕೆಂಪು ಹೃದಯ ಅಂಟಿಸಿ ಹೋಗಿದ್ದಾರೆ. ನಾಯಿಗೆ ಪ್ರೀತಿಯ ಓಲೆ! ಇನ್ನೊಂದು ಕಡೆ, ಆನಿ ಮಾಡಿಟ್ಟ ವ್ಯಾಲೆಂಟೈನ್ ಕಾರ್ಡು ಕಾಣೆಯಾಗಿದೆ, ಹುಡುಕಿಕೊಡು ಎಂದು ಬಂದು ನಿಂತಿದ್ದಾಳೆ. ಒಂದು ಕಡೆ ಬಂದದ್ದು ಎಲ್ಲಿಂದ ಎಂದು ಗೊತ್ತಿಲ್ಲ, ಇನ್ನೊಂದು ಕಡೆ ಹೋದದ್ದು ಎಲ್ಲಿಗೆ ಎಂದು ಗೊತ್ತಿಲ್ಲ.

ಎರಡನೆಯ ತರಗತಿಯ ಮಗುವಿಗೆ ಪ್ರೇಮಿಗಳ ದಿನವೇ ಎಂದು ಹುಬ್ಬು ಏರಿಸಿದವರು ದಯವಿಟ್ಟು ಇಳಿಸಿ. ಅಲ್ಲಿ ಫೆಬ್ರುವರಿ 14 ಮಕ್ಕಳ ಮಟ್ಟಿಗೆ ಸಂಕ್ರಾಂತಿಯ ಎಳ್ಳು ಬೀರುವ ಹಾಗೆ. ಬೂಟಿನ ರಟ್ಟಿನ ಪೆಟ್ಟಿಗೆಗೆ ಬಣ್ಣದ ಕಾಗದ ಸುತ್ತಿ, ಗೆಳೆಯರು ಕಾರ್ಡು ಹಾಕಲೆಂದು ಮುಚ್ಚಳದಲ್ಲಿ ಸೀಳು ಕೊರೆದು ಇಟ್ಟುಕೊಳ್ಳುತ್ತಾರೆ. ಒಬ್ಬರಿಗೆ ಕೊಟ್ಟು ಒಬ್ಬರಿಗೆ ಬಿಡುವ ಹಾಗಿಲ್ಲ ಎಂದು ತರಗತಿಯ ಹೆಸರುಗಳ ಪಟ್ಟಿಯನ್ನೇ ಟೀಚರ್ ಮನೆಗೆ ಕಳಿಸುವುದುಂಟು. ಟೀಚರಿಗೆ, ಅಜ್ಜಿಗೆ, ನಾಯಿಗೆ, ಎಲ್ಲರಿಗೂ ಕಾರ್ಡು. ಈ ಕಾರ್ಡಿನ ವ್ಯಾಪಾರ ಅಮೆರಿಕದಲ್ಲಿ ಬೇರೂರಿದ್ದು 1840ರ ದಶಕದ ಕೊನೆಯಲ್ಲಿ, ಮ್ಯಾಸಚೂಸೆಟ್ಸ್‌ನ ವುಸ್ಟರ್ ಊರಿನ ಎಸ್ತರ್ ಹೌಲೆಂಡ್ ಎಂಬ ತರುಣಿ ಲೇಸು ಅಂಟಿಸಿದ ಕಾರ್ಡುಗಳನ್ನು ಮಾಡಿ ಮಾರತೊಡಗಿದಾಗ. ಇನ್ನೊಂದು ಹಳೆಯ ಚಾಳಿಯೂ ಇದೆ, ಕೆಳಗೆ ಹೆಸರು ಹಾಕದೆ ಕಳಿಸುವುದು. ಪತ್ತೇದಾರಿ ಕಥೆ ಬರೆಯುವವರಿಗೆ ಇದಕ್ಕಿಂತ ಏನು ಬೇಕು?

ಆ ಪುಸ್ತಕವನ್ನು ನಾನು ಪ್ರತಿ ಫೆಬ್ರುವರಿಯಲ್ಲೂ ಮಕ್ಕಳಿಗೆ ಓದಿ ಹೇಳುತ್ತಿದ್ದೆ, ಕೊನೆಯ ಪುಟಗಳನ್ನು ಬಿಟ್ಟು. ಅಲ್ಲಿ ನಿಲ್ಲಿಸಿ ಸುಮ್ಮನೆ ಕುಳಿತರೆ ಸಾಕು, ಜಗಳ ಶುರು. ನಾಯಿಗೆ ಓದಲು ಬರುವುದಿಲ್ಲ, ಆದ್ದರಿಂದ ಆ ಕಾರ್ಡು ನೇಟ್‌ಗೇ ಎಂದು ಒಬ್ಬ. ಹಾಗಿದ್ದರೆ ನೇಟ್‌ನ ಬಾಗಿಲಿಗೇ ಅಂಟಿಸಬಹುದಿತ್ತಲ್ಲ ಎಂದು ಇನ್ನೊಬ್ಬಳು. ನಾಲ್ಕು ಬೆಕ್ಕು ಸಾಕಿಕೊಂಡಿರುವ ನೇಟ್‌ನ ಗೆಳತಿ ರೋಸಮಂಡ್ ನಾಯಿಗೆ ಕಾರ್ಡು ಯಾಕೆ ಕೊಡುತ್ತಾಳೆ? ಯಾರೂ ಅನುಮಾನಿಸುವುದಿಲ್ಲ ಎಂದೇ ಕೊಡುತ್ತಾಳೆ! ಎಂಟು ಮಕ್ಕಳು ಸುಪ್ರೀಂ ಕೋರ್ಟು ನಡೆಸುತ್ತಿದ್ದರು. ನಾನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಅದು ನಿನಗೆ ಹೇಗೆ ಗೊತ್ತಾಯಿತು, ಪುಟ ತೋರಿಸು. ಒಬ್ಬ ಹುಡುಗ ತಾನು ಹೇಳಿದ್ದನ್ನು ಸಾಧಿಸಲಾಗದೆ ಪುಸ್ತಕವನ್ನು ಮೂರು ಸಲ ಹಿಂದೆ ಮುಂದೆ ತಿರುವಿ ಹಾಕಿದ. ಮನೆಯಲ್ಲಿ ಬೈದರೂ ಒಂದು ಸಲ ಓದದ ಹುಡುಗ ಅವನು.

ಒಂದು ವರ್ಷದ ಫೆಬ್ರುವರಿಯ ಸಂಗತಿ ಹೇಳಲೇಬೇಕು. ನಂಜನಗೂಡಿನ ಕಡೆಯ ಒಬ್ಬ ಯಜಮಾನರು ಮೊಮ್ಮಗನ ಜೊತೆ ಬರುತ್ತಿದ್ದರು. ಸ್ವೆಟರಿನ ಮೇಲೆ ಸ್ವೆಟರು, ತಲೆಗೆ ಮಂಕಿ ಟೋಪಿ. ಹೀಟರಿನ ಪಕ್ಕದ ಕುರ್ಚಿ ಅವರದೇ. ಶನಿವಾರ ಮಾತ್ರ ಕಾಲೆರಡನ್ನೂ ಕುರ್ಚಿಯ ಮೇಲೆ ಮಡಚಿಕೊಂಡು ಕೂರುತ್ತಿದ್ದರು, ಏಕೆಂದರೆ ಅಂದು ನಾಯಿ ಬರುತ್ತಿತ್ತು. ನಾಯಿಯೆಂದರೆ ಪಳಗಿದ ನಾಯಿ, ಮಕ್ಕಳಿಂದ ಪುಸ್ತಕ ಓದಿಸಿಕೊಳ್ಳುವ ನಾಯಿ. ನಗಬೇಡಿ. 1999ರಲ್ಲಿ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿ ಶುರುವಾದ ಪದ್ಧತಿ, ಆಮೇಲೆ ಎಷ್ಟೋ ಊರುಗಳಿಗೆ ಹಬ್ಬಿತು. ಗಟ್ಟಿಯಾಗಿ ಓದಲು ನಾಚುವ ಮಗು ನಾಯಿಯ ಪಕ್ಕ ಕುಳಿತು ಓದುತ್ತದೆ. ನಾಯಿ ಉಚ್ಚಾರಣೆ ತಿದ್ದುವುದಿಲ್ಲ, ನೀತಿಯನ್ನಂತೂ ಕೇಳುವುದೇ ಇಲ್ಲ. ನಮ್ಮ ನಾಯಿಯ ಹೆಸರು ಬಿಸ್ಕೆಟ್. ಯಜಮಾನರ ಮೊಮ್ಮಗ ತೊದಲುತ್ತಿದ್ದ. ಮನುಷ್ಯರ ಮುಂದೆ ಒಂದಕ್ಷರ ಓದದವನು ಬಿಸ್ಕೆಟ್‌ಗೆ ಇಡೀ ಪುಸ್ತಕ ಓದಿ ಹೇಳುತ್ತಿದ್ದ.

ಅಂದು ಕಥೆ ಮುಗಿಸಿ ನಮ್ಮ ಪೆಟ್ಟಿಗೆ ತೆರೆದೆವು. ಕಾರ್ಡುಗಳ ನಡುವೆ ಒಂದು, ಗಟ್ಟಿ ರಟ್ಟನ್ನು ಕತ್ತರಿಸಿ ಮಾಡಿದ್ದು. ಮೇಲೆ ಕೆಂಪು ಹೃದಯ, ಕೆಳಗೆ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ "ಬಿಸ್ಕೆಟ್‌ಗೆ ಧನ್ಯವಾದ" ಎಂದಿತ್ತು. ಹೆಸರಿಲ್ಲ. ಮಕ್ಕಳಿಗೆ ರೋಮಾಂಚನ, ಪುಸ್ತಕದೊಳಗಿನ ಪ್ರಕರಣ ಮೇಜಿನ ಮೇಲೇ ಬಂದು ಬಿದ್ದಿದೆ! ರಟ್ಟನ್ನು ತಿರುಗಿಸಿ ನೋಡಿದರು, ಜೋಳದ ಅವಲಿನ ಡಬ್ಬಿ. ಅದು ಎಲ್ಲರ ಮನೆಯಲ್ಲೂ ಇರುತ್ತದೆ, ಸುಳಿವಲ್ಲ ಎಂದು ತಳ್ಳಿದರು. ಆಗ ಒಬ್ಬ ಕಾರ್ಡನ್ನು ತಲೆಕೆಳಗಾಗಿ ಹಿಡಿದು ಕೂಗಿದ: "ಇದು ಹೃದಯವೇ ಅಲ್ಲ, ಇಸ್ಪೀಟು!" ನಿಜ, ಹೃದಯದ ಮೇಲಿನ ತಗ್ಗಿನಲ್ಲಿ ಒಂದು ಕಡ್ಡಿ ಇತ್ತು. ತಲೆಕೆಳಗು ಮಾಡಿದರೆ ಇಸ್ಪೀಟಿನೆಲೆಯ ಸ್ಪೇಡ್ ಗುರುತಿನ ಹಾಗೇ ಕಾಣುತ್ತಿತ್ತು. ನಮ್ಮ ಮೇಲಿನ ಕೋಣೆಯಲ್ಲಿ ವಾರಕ್ಕೊಮ್ಮೆ ಬ್ರಿಜ್ ಎಂಬ ಇಸ್ಪೀಟಾಟ ಆಡುವ ಅಜ್ಜಿಯರ ಗುಂಪೊಂದಿತ್ತು. ಅಪರಾಧಿಗಳು ಸಿಕ್ಕೇಬಿಟ್ಟರು ಎಂದು ಮಕ್ಕಳು ಮೆಟ್ಟಿಲು ಹತ್ತಿ ಹೊರಟರು. ನಾನೂ ನಂಬಿದ್ದೆ, ಒಪ್ಪಿಕೊಳ್ಳುತ್ತೇನೆ.

ತಡೆದವಳು ಆರು ವರ್ಷದ ಒಬ್ಬ ಪೋರಿ. "ಇಸ್ಪೀಟಿಗೆ ನರ ಇರುವುದಿಲ್ಲ" ಎಂದಳು. ಹೃದಯದ ನಡುವೆ ತೆಳ್ಳಗೆ ಒಂದು ಗೆರೆ, ಅದರಿಂದ ಎರಡೂ ಕಡೆಗೆ ಬಾಗಿದ ಗೆರೆಗಳು. "ಇದು ಎಲೆ. ಹೃದಯ ಬರೆ ಎಂದರೆ ಎಲೆ ಬರೆಯುವವರು ಯಾರೋ, ಅವರೇ." ಹಾಗಿದ್ದರೆ ಎಲ್ಲರೂ ಒಂದೊಂದು ಹೃದಯ ಬರೆಯಲಿ ಎಂದು ತೀರ್ಮಾನವಾಯಿತು. ಕೋಣೆಯಲ್ಲಿದ್ದ ಒಬ್ಬರನ್ನೂ ಬಿಡಲಿಲ್ಲ. ನಾನು ಬರೆದೆ, ನಾಯಿಯ ಒಡತಿ ಬರೆದರು. ಹೀಟರಿನ ಪಕ್ಕದ ಯಜಮಾನರ ಮುಂದೆಯೂ ಕಾಗದ ಇಟ್ಟರು. ಅವರು ಕನ್ನಡಕ ಏರಿಸಿ, ಎರಡು ದುಂಡು ತಿದ್ದಿ, ತುದಿ ಚೂಪು ಮಾಡಿದರು. ಅಲ್ಲಿಗೆ ಬಿಟ್ಟಿದ್ದರೆ ಉಳಿಯುತ್ತಿದ್ದರು. ಕೈ ಕೇಳಬೇಕಲ್ಲ. ಜೀವಮಾನವೆಲ್ಲ ಊಟವಾದ ಮೇಲೆ ವೀಳ್ಯದೆಲೆ ಒರೆಸಿ, ತೊಟ್ಟು ಮುರಿದು, ಬೆನ್ನಿಗೆ ಸುಣ್ಣ ಹಚ್ಚಿದ ಕೈ ಅದು. ತಾನಾಗಿ ಮೇಲಕ್ಕೆ ಹೋಗಿ ಒಂದು ತೊಟ್ಟು ಇಟ್ಟಿತು, ಕೆಳಕ್ಕೆ ಇಳಿದು ನರ ಎಳೆಯಿತು.

ಮಕ್ಕಳ ಕೂಗಿಗೆ ನಾಯಿಯೇ ಎದ್ದು ನಿಂತಿತು. ಯಜಮಾನರು ನನ್ನ ಕಡೆ ತಿರುಗಿ ಮೆಲ್ಲಗೆ ಕನ್ನಡದಲ್ಲಿ, "ನಾನಲ್ಲ ತಾಯಿ, ನಮ್ಮ ಕಡೆ ಎಲ್ಲರೂ ಹೀಗೇ ಬರೆಯುತ್ತಾರೆ" ಎಂದರು. ಆ ಕೋಣೆಯಲ್ಲಿ "ನಮ್ಮ ಕಡೆ"ಯವರು ಅವರು, ಮೊಮ್ಮಗ ಮತ್ತು ನಾನು, ಮೂರೇ ಜನ. ಮೊಮ್ಮಗ ಏನೂ ಹೇಳಲಿಲ್ಲ. ಎರಡೂ ಕಾಗದಗಳನ್ನು ಪಕ್ಕಪಕ್ಕ ಇಟ್ಟು, ತೊಟ್ಟಿನ ಮೇಲೆ ಬೆರಳಿಟ್ಟು ತಾತನ ಮುಖ ನೋಡಿದ.

ಹೇಳುತ್ತ ಹೇಳುತ್ತ ಹೊತ್ತು ಮೀರಿದೆ. ಇನ್ನೂ ಮೂರು ವಿಷಯ ಬರೆದುಕೊಂಡು ಬಂದಿದ್ದೆ, ಓಡಿಸಿಬಿಡುತ್ತೇನೆ. ಒಂದು, ಸರಣಿಯ ಪುಸ್ತಕವನ್ನೇ ಮತ್ತೆ ಮತ್ತೆ ಓದುತ್ತಾನೆ ಎಂದು ದೂರಬೇಡಿ, ಓದಲಿ. ಎರಡು, ನಿಮ್ಮ ಇಂಗ್ಲಿಷ್ ಸಾಲದು ಎಂದು ಹಿಂಜರಿಯಬೇಡಿ. ಮಗು ಇಂಗ್ಲಿಷಿನಲ್ಲಿ ಓದಲಿ, ನೀವು ಕನ್ನಡದಲ್ಲಿ ಕೇಳಿ: ಸುಳಿವು ಎಲ್ಲಿತ್ತು ಮಗಾ, ತೋರಿಸು. ಮೂರು, ಕೊನೆಯ ಪುಟವನ್ನು ನೀವು ಮೊದಲೇ ನೋಡಿದ್ದರೂ ಬಾಯಿ ಬಿಡಬೇಡಿ. ನೀತಿ ಕೇಳುವುದಕ್ಕಿಂತ ದೊಡ್ಡ ತಪ್ಪು ಅದು.

ಸ್ಲಡ್ಜ್‌ನ ಗೂಡಿನ ಮೇಲೆ ಕೆಂಪು ಹೃದಯ ಅಂಟಿಸಿದವರು ಯಾರು ಎಂದು ಕೇಳಿ ಈ ನಿಲಯಕ್ಕೆ ಪತ್ರ ಬರೆಯಬೇಡಿ, ನಾನು ಹೇಳುವುದಿಲ್ಲ. ಯಜಮಾನರಂತೂ ಊರಿಗೆ ಹೊರಡುವ ದಿನದವರೆಗೂ ಒಪ್ಪಿಕೊಳ್ಳಲಿಲ್ಲ. ಆದರೆ ಕೊನೆಯ ಶನಿವಾರ ಬಂದಾಗ ಅವರ ಒಂದು ಕಾಲು ಮಾತ್ರ ಕುರ್ಚಿಯ ಮೇಲಿತ್ತು.

ನಮಸ್ಕಾರ.